ಹಳೆಯ ಮೋಟಾರ್‌ಹೋಮ್‌ನ ಸೆಲ್ಫ್ ಕೈಕೊಟ್ಟಾಗ: ಬಿಚ್ಚುವ ಮೊದಲು ಅಳೆಯಿರಿ

ಮಳೆಗಾಲವೆಲ್ಲ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತಿದ್ದ ಗಾಡಿಯನ್ನು ಹೊರತೆಗೆಯಲು ಕೀಲಿ ತಿರುಗಿಸುತ್ತೀರಿ. ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿಕೊಳ್ಳುತ್ತವೆ, ಹೀಟರ್ ದೀಪ ಹೊತ್ತಿ ಆರುತ್ತದೆ, ಆಮೇಲೆ ‘ಟಕ್’ ಎಂಬ ಒಂದು ಸದ್ದು. ಇಂಜಿನ್ ಅಲುಗುವುದಿಲ್ಲ. ನೋಡಲು ಬಂದವರು ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಡುತ್ತಾರೆ: “ಸೆಲ್ಫ್ ಹೋಗಿದೆ ಮಾರಾಯರೇ, ಹೊಸದು ಹಾಕಿಸಿಬಿಡಿ.”

ಆ ತೀರ್ಪು ಕೆಲವು ಸಲ ಸರಿಯಾಗಿರುತ್ತದೆ. ಆದರೆ ನಮ್ಮ ಮಲೆನಾಡಿನ ತೇವದಲ್ಲಿ ಇಂಜಿನ್ನನ್ನು ಸುತ್ತಿ ಎಬ್ಬಿಸುವ ಸೆಲ್ಫ್ ಮೋಟಾರಿಗಿಂತ ಮೊದಲು ಕೆಡುವುದು ಅದಕ್ಕೆ ಕರೆಂಟ್ ತಲುಪಿಸುವ ದಾರಿ. ಆ ದಾರಿಯನ್ನು ಪರೀಕ್ಷಿಸಲು ಒಂದು ಸಾಧಾರಣ ಮಲ್ಟಿಮೀಟರ್, ಕೀಲಿ ತಿರುಗಿಸಲು ಒಬ್ಬ ಜೊತೆಗಾರ, ಅರ್ಧ ಗಂಟೆ ಬಿಡುವು ಸಾಕು. ಅದನ್ನು ಮಾಡದೆ ಹೊಸ ಸೆಲ್ಫ್ ಹಾಕಿಸಿದರೆ ಹೊಸದೂ ಅದೇ ಕೊಳೆತ ಕೇಬಲ್ಲಿನ ತುದಿಯಲ್ಲಿ ನಿಂತು ಅದೇ ‘ಟಕ್’ ಎನ್ನುತ್ತದೆ.

ನಾನು ಬರೆಯುತ್ತಿರುವುದು ಹಳೆಯ ಟೆಂಪೋ ಟ್ರಾವೆಲರ್, ಮ್ಯಾಟಡೋರ್‌ನಂಥ ಡೀಸೆಲ್ ವ್ಯಾನುಗಳ ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಮಾಡಿಕೊಂಡ ಮೋಟಾರ್‌ಹೋಮ್‌ಗಳ ಬಗ್ಗೆ. ಟ್ರಾವೆಲರ್ ನಮ್ಮ ರಸ್ತೆಗೆ ಇಳಿದದ್ದು 1987ರಲ್ಲಿ. ಹಳೆಯ ಟ್ರಾವೆಲರ್‌ಗಳಲ್ಲಿರುವುದು ಮರ್ಸಿಡಿಸ್ ಮೂಲದ ಓಎಂ 616 ಎಂಬ 2.4 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್. ಅದರ ಕಂಪ್ರೆಷನ್ ಅನುಪಾತ 21:1, ಅಂದರೆ ಸಿಲಿಂಡರಿನ ಗಾಳಿಯನ್ನು ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಇಷ್ಟು ಬಿಗಿಯಾದ ಇಂಜಿನ್ನನ್ನು ಡೀಸೆಲ್ ಹೊತ್ತಿಕೊಳ್ಳುವ ವೇಗಕ್ಕೆ ತಿರುಗಿಸಲು ಸೆಲ್ಫ್ ಮೋಟಾರಿಗೆ ಕೆಲವು ನೂರು ಆಂಪಿಯರ್ ಕರೆಂಟ್ ಬೇಕು. ಸ್ಕೂಟರಿನ ಸೆಲ್ಫಿನಂತೆ ಇದು ಕೊರತೆಯನ್ನು ಸಹಿಸಿಕೊಳ್ಳುವುದಿಲ್ಲ.

ಮೋಟಾರ್‌ಹೋಮ್ ಆದ ಮೇಲೆ ಇನ್ನೂ ಕೆಲವು ತೊಡಕುಗಳು ಸೇರಿಕೊಳ್ಳುತ್ತವೆ. ಜಾಗ ಉಳಿಸಲು ಬ್ಯಾಟರಿಯನ್ನು ಹಿಂದಿನ ಮಂಚದ ಕೆಳಗೆ ಸರಿಸಿರುತ್ತಾರೆ. ಒಳಗಿನ ದೀಪ, ಫ್ಯಾನುಗಳಿಗೆ ಎರಡನೆಯ ಬ್ಯಾಟರಿ ಕೂರಿಸಿರುತ್ತಾರೆ. ತುಕ್ಕು ಹಿಡಿಯದಿರಲೆಂದು ಚಾಸಿಗೆ ದಪ್ಪ ಬಣ್ಣ ಬಳಿದಿರುತ್ತಾರೆ, ಬ್ಯಾಟರಿಯ ಮೈನಸ್ಸನ್ನು ಚಾಸಿಗೆ ಕೂಡಿಸುವ ಅರ್ಥ್ ಕೇಬಲ್ ಆ ಬಣ್ಣದ ಮೇಲೆಯೇ ಕೂತಿರುತ್ತದೆ. ಗಾಡಿ ವರ್ಷದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಕೈ ಹಾಕುವ ಮೊದಲು

ಒಳಗಿನ ಒಲೆಯ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದಿಡಿ. ಈ ಕೆಲಸದಲ್ಲಿ ಕಿಡಿ ಹಾರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ನೆಲಮಟ್ಟದಲ್ಲೇ ಕೂತಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಉಂಗುರ, ಲೋಹದ ಕೈಗಡಿಯಾರ ತೆಗೆದಿಡಿ. ಗಾಡಿಯ ಕೆಳಗೆ ಹೋಗುವುದಿದ್ದರೆ ಬರೀ ಜಾಕನ್ನು ನಂಬಬೇಡಿ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಮಳೆ ಕುಡಿದ ಕೆಂಪು ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಕೂಡ ಇಳಿಯುತ್ತದೆ, ಅಡಿಯಲ್ಲಿ ದಪ್ಪ ಹಲಗೆ ಹಾಕಬೇಕು.

ಸದ್ದು ಏನು ಹೇಳುತ್ತದೆ

ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ತೀರಾ ಮಂಕಾದರೆ ಕರೆಂಟ್ ಎಳೆಯುತ್ತಿದೆ ಎಂದಾಯಿತು: ಬ್ಯಾಟರಿ ಸೊರಗಿದೆ, ಇಲ್ಲವೇ ಮೋಟಾರೋ ಇಂಜಿನ್ನೋ ಬಿಗಿಹಿಡಿದಿದೆ. ದೀಪ ಒಂದಿಷ್ಟೂ ಮಂಕಾಗದಿದ್ದರೆ ಕರೆಂಟ್ ಮೋಟಾರನ್ನು ತಲುಪುತ್ತಲೇ ಇಲ್ಲ. ಈ ಒಂದು ನೋಟ ಅರ್ಧ ಅನುಮಾನಗಳನ್ನು ಬದಿಗೆ ಸರಿಸುತ್ತದೆ.

ಟಕಟಕ ಎಂದು ಬೇಗ ಬೇಗ ಬಡಿಯುವ ಸದ್ದು ಬಂದರೆ ಮೊದಲು ಬ್ಯಾಟರಿಯನ್ನೂ ಅದರ ಕೇಬಲ್ಲುಗಳನ್ನೂ ನೋಡಿ. ಒಂದೇ ಒಂದು ಗಟ್ಟಿ ‘ಟಕ್’ ಬಂದು ನಿಂತರೆ ಸೊಲೆನಾಯ್ಡಿನ (ಸೆಲ್ಫಿನ ಬೆನ್ನಿಗಿರುವ, ಕೀಲಿ ತಿರುಗಿಸಿದಾಗ ಮೋಟಾರಿಗೆ ಕರೆಂಟ್ ಕೂಡಿಸುವ ವಿದ್ಯುತ್ಕಾಂತದ ಸ್ವಿಚ್ಚು) ಒಳಗಿನ ತಾಮ್ರದ ಸಂಪರ್ಕ, ಮೋಟಾರಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು) ಅಥವಾ ದಪ್ಪ ಕೇಬಲ್ಲಿನ ದೋಷ. ಮೋಟಾರ್ ಗುಂಯ್ ಎಂದು ತಿರುಗಿ ಇಂಜಿನ್ ಮಾತ್ರ ಸುತ್ತದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರಿನ ತಿರುಗನ್ನು ಇಂಜಿನ್ನಿಗೆ ಒಂದೇ ದಿಕ್ಕಿನಲ್ಲಿ ದಾಟಿಸುವ ಕ್ಲಚ್, ಜಾರುತ್ತಿದೆ. ಕರಕರ ಎಂದು ಹಲ್ಲು ಕಡಿಯುವ ಸದ್ದಾದರೆ ಸೆಲ್ಫಿನ ತುದಿಯ ಸಣ್ಣ ಗೇರಾದ ಪಿನಿಯನ್ ಅಥವಾ ಅದು ಕಚ್ಚುವ, ಫ್ಲೈವೀಲಿನ ಸುತ್ತಲಿನ ರಿಂಗ್ ಗೇರ್ ಸವೆದಿದೆ. ನಾಲ್ಕು ಸಿಲಿಂಡರಿನ ಇಂಜಿನ್ ಆರಿಸಿದಾಗ ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ರಿಂಗ್ ಗೇರಿನ ಹಲ್ಲುಗಳೂ ಎದುರುಬದುರಿನ ಎರಡು ಕಡೆ ಹೆಚ್ಚು ಸವೆಯುತ್ತವೆ. ಕರಕರ ಸದ್ದು ಒಮ್ಮೊಮ್ಮೆ ಮಾತ್ರ ಬರುತ್ತಿದ್ದು, ಮೂರನೆಯ ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ತಳ್ಳಿ, ಮತ್ತೆ ನ್ಯೂಟ್ರಲ್ ಮಾಡಿ ಹೊಡೆದಾಗ ಸರಿಯಾದರೆ, ನೋಡಬೇಕಾದ್ದು ರಿಂಗ್ ಗೇರನ್ನು.

ಸದ್ದೇ ಇಲ್ಲದಿದ್ದರೆ ಕೀಲಿಯ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಬರುವ ತೆಳು ವೈರನ್ನು ಅನುಮಾನಿಸಿ. ಇಲಿ ಕಡಿದಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಆದರೆ ಇನ್ನೊಂದು ಕಾರಣವೂ ಇದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಸೊಲೆನಾಯ್ಡಿನ ಒಳಗೆ ಎರಡು ಸುರುಳಿಗಳಿವೆ: ಒಂದು ಪ್ಲಂಜರ್ ಎಂಬ ಕಬ್ಬಿಣದ ದಂಡನ್ನು ಎಳೆಯಲು, ಇನ್ನೊಂದು ಎಳೆದದ್ದನ್ನು ಹಿಡಿದಿಡಲು. ಎಳೆಯುವ ಸುರುಳಿಗೆ ಅರ್ಥ್ ಸಿಗುವುದು ಮೋಟಾರಿನ ಬ್ರಷ್‌ಗಳ ಮೂಲಕ. ಬ್ರಷ್ ಸಂಪೂರ್ಣ ಸವೆದು, ತಾನು ಒತ್ತಿ ಕೂರುವ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರನ್ನು ಮುಟ್ಟದಿದ್ದರೆ ಆ ಸುರುಳಿ ಕೆಲಸ ಮಾಡುವುದಿಲ್ಲ, ಹಿಡಿಯುವ ಸುರುಳಿಯೊಂದಕ್ಕೇ ಪ್ಲಂಜರ್ ಎಳೆಯುವ ಶಕ್ತಿ ಇರುವುದಿಲ್ಲ. ಹೀಗಾಗಿ ಮೋಟಾರಿನ ದೋಷಕ್ಕೆ ಸೊಲೆನಾಯ್ಡ್ ಮೌನವಾಗುತ್ತದೆ. ಹಿಡಿಯುವ ಸುರುಳಿ ತುಂಡಾಗಿದ್ದರೆ ಪ್ಲಂಜರ್ ಒಳಗೆ ಹೋಗಿ ಸಂಪರ್ಕ ಕೂಡಿದ ಕ್ಷಣವೇ ಹಿಡಿತ ತಪ್ಪಿ ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಆ ಸದ್ದು ಸತ್ತ ಬ್ಯಾಟರಿಯ ಟಕಟಕವನ್ನೇ ಹೋಲುತ್ತದೆ. ಬ್ಯಾಟರಿ ಗಟ್ಟಿಯಿದ್ದೂ ಟಕಟಕ ಬಂದರೆ ಇದನ್ನು ನೆನಪಿಸಿಕೊಳ್ಳಿ.

ಇಂಜಿನ್ನೇ ಹಿಡಿದುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಕಂಪ್ರೆಷನ್ನಿನ ಬಿಗಿ ಬೇರೆ, ಕಲ್ಲಿಗೆ ಹೊಡೆದಂತೆ ನಿಲ್ಲುವುದು ಬೇರೆ. ಹಾಗೆ ನಿಂತರೆ ಸಿಲಿಂಡರಿಗೆ ನೀರು ನುಗ್ಗಿರಬಹುದು. ಅಲ್ಲಿ ಸೆಲ್ಫ್ ಹೊಡೆಯುವುದು ಕನೆಕ್ಟಿಂಗ್ ರಾಡ್ ಬಾಗಿಸುವ ಕೆಲಸ.

ಬ್ಯಾಟರಿ

ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿಯ ಕಂಬಗಳ ನಡುವೆ 12.6 ವೋಲ್ಟ್ ಇರಬೇಕು. 12.2 ಬಂದರೆ ಅರ್ಧ ಖಾಲಿ, 12ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಆಸಿಡ್ ನೋಡುವ ಹೈಡ್ರೋಮೀಟರ್ ಇದ್ದರೆ ಆರೂ ಸೆಲ್‌ಗಳಲ್ಲಿ 1.25ರಿಂದ 1.28ರ ನಡುವೆ ಸಾಂದ್ರತೆ ಸಿಗಬೇಕು. ಐದು ಸರಿಯಿದ್ದು ಒಂದು ಸೆಲ್ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಒಳಗಿನ ಬಳಕೆಯ ಎರಡನೆಯ ಬ್ಯಾಟರಿಯನ್ನು ಪರೀಕ್ಷೆಗೆ ಮೊದಲು ಬೇರ್ಪಡಿಸಿ. ಎರಡನ್ನೂ ಜೋಡಿಸುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು) ಅಂಟಿಕೊಂಡಿದ್ದರೆ ಸತ್ತ ಬ್ಯಾಟರಿ ಒಳ್ಳೆಯದನ್ನೂ ರಾತ್ರೋರಾತ್ರಿ ಕೆಳಗೆಳೆಯುತ್ತದೆ. ಬೆಳಿಗ್ಗೆ ಇಂಜಿನ್ ಸುತ್ತದಿದ್ದಾಗ ಬೈಗುಳ ಸೆಲ್ಫಿಗೆ ಬೀಳುತ್ತದೆ.

ಈಗ ಜೊತೆಗಾರ ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ಗಾಡಿ ಸ್ಟಾರ್ಟ್ ಆಗಿಬಿಡದಂತೆ ಇಂಜಿನ್ ಆರಿಸುವ ಸ್ಟಾಪ್ ಕೇಬಲ್ ಎಳೆದುಕೊಂಡಿರಬೇಕು. ಇಂಜಿನ್ ಸುತ್ತುವಾಗ ಬ್ಯಾಟರಿಯ ಕಂಬಗಳಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಚಾರ್ಜ್ ತುಂಬಿದ್ದೂ 7-8ಕ್ಕೆ ಕುಸಿದರೆ ಬ್ಯಾಟರಿ ಕೆಟ್ಟಿದೆ ಅಥವಾ ಮೋಟಾರ್ ಅತಿಯಾಗಿ ಎಳೆಯುತ್ತಿದೆ. ಗೊತ್ತಿರುವ ಒಳ್ಳೆಯ ಬ್ಯಾಟರಿ ಇಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ. 11ರ ಮೇಲೆಯೇ ನಿಂತು ಇಂಜಿನ್ ಸುತ್ತದಿದ್ದರೆ ಬ್ಯಾಟರಿ ನಿರಪರಾಧಿ.

ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ

ಇಡೀ ಕೆಲಸದ ಜೀವಾಳ ಈ ಭಾಗ. ಹಲವರು ಮೀಟರನ್ನು ಸೆಲ್ಫಿನ ದಪ್ಪ ಟರ್ಮಿನಲ್ಲಿಗೆ ಹಿಡಿದು 12.6 ಬಂತೆಂದು ಸಮಾಧಾನಪಡುತ್ತಾರೆ. ಕರೆಂಟ್ ಹರಿಯದಿರುವಾಗ ಅಳೆದ ವೋಲ್ಟಿಗೆ ಬೆಲೆಯಿಲ್ಲ. ಅಡಕೆ ತೋಟದ ಪೈಪಿನ ಕೊನೆಯ ನಲ್ಲಿ ಮುಚ್ಚಿರುವಾಗ ಪೈಪು ನಡುವೆ ಎಷ್ಟು ಕಟ್ಟಿಕೊಂಡಿದ್ದರೂ ತುದಿಯಲ್ಲಿ ಪೂರ್ತಿ ಒತ್ತಡ ಕಾಣುತ್ತದೆ, ನಲ್ಲಿ ತೆರೆದಾಗಲೇ ನೀರು ಸಣ್ಣಗೆ ಬರುವುದು ತಿಳಿಯುವುದು. ಕೇಬಲ್ಲಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.6 ತೋರಿಸುತ್ತದೆ. ಆದ್ದರಿಂದ ಕೆಳಗಿನ ಎಲ್ಲ ಅಳತೆಗಳನ್ನೂ ಸೆಲ್ಫ್ ಹೊಡೆಯುತ್ತಿರುವಾಗಲೇ ತೆಗೆದುಕೊಳ್ಳಬೇಕು. ಒಮ್ಮೆಗೆ ಐದಾರು ಸೆಕೆಂಡು ಸಾಕು, ಹತ್ತು ಸೆಕೆಂಡು ದಾಟಬೇಡಿ. ನಡುವೆ ಒಂದೆರಡು ನಿಮಿಷ ಮೋಟಾರ್ ತಣಿಯಲು ಬಿಡಿ.

ಮೀಟರನ್ನು ಡಿಸಿ ವೋಲ್ಟಿನ ಸಣ್ಣ ಶ್ರೇಣಿಗೆ ಇಡಿ. ಕೆಂಪು ಮೊನೆ ಬ್ಯಾಟರಿಯ ಪ್ಲಸ್ ಕಂಬದ ಸೀಸದ ಮೇಲೆ, ಕಪ್ಪು ಮೊನೆ ಸೊಲೆನಾಯ್ಡಿನ ದಪ್ಪ ಬೋಲ್ಟಿನ ಮೇಲೆ. ಆ ಬೋಲ್ಟಿನ ಬಳಿ 30 ಎಂದು ಅಚ್ಚಾಗಿರುತ್ತದೆ. ಮೊನೆ ತಾಗಬೇಕಾದ್ದು ಕಂಬಕ್ಕೆ ಮತ್ತು ಬೋಲ್ಟಿಗೆ, ಕೇಬಲ್ಲಿನ ತುದಿಯ ಲೋಹದ ಬಳೆಯಾದ ಲಗ್ಗಿಗಲ್ಲ. ಲಗ್ಗಿನ ಮೇಲೆ ಇಟ್ಟರೆ ಲಗ್ಗಿಗೂ ಕಂಬಕ್ಕೂ ನಡುವಿನ ಕಿಲುಬು ಅಳತೆಯಿಂದ ತಪ್ಪಿಸಿಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಬರುವ ಸಂಖ್ಯೆ ಆ ಕೇಬಲ್ ನುಂಗುತ್ತಿರುವ ವೋಲ್ಟ್. ಅರ್ಧ ವೋಲ್ಟಿನವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಒಂದೊಂದೇ ಜೋಡಣೆಯನ್ನು ಹೀಗೆಯೇ ಅಳೆಯುತ್ತ ಬನ್ನಿ.

ಇನ್ನು ಅರ್ಥ್ ಬದಿ. ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ, ಕೆರೆದು ಹೊಳೆಯಿಸಿದ ಜಾಗದಲ್ಲಿ. ಇಲ್ಲಿ 0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಇಂಜಿನ್ ರಬ್ಬರಿನ ಮೌಂಟುಗಳ ಮೇಲೆ ಕೂತಿರುವುದರಿಂದ ಚಾಸಿಗೂ ಇಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇದ್ದೇ ಇರುತ್ತದೆ. ಅದು ಸಾಧಾರಣವಾಗಿ ಗೇರ್‌ಬಾಕ್ಸಿನ ಹತ್ತಿರ, ಕೆಸರು ಸಿಡಿಯುವ ಕಡೆಯೇ ಇರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಂಥ ಊರಿನಲ್ಲಿ ಆ ಪಟ್ಟಿ ಹೊರಗಿನಿಂದ ಹಸಿರಾಗಿ ಕಂಡರೂ ಗಟ್ಟಿಯಾಗೇ ಇದ್ದಂತೆ ತೋರುತ್ತದೆ. ಬೆರಳಲ್ಲಿ ಹಿಡಿದು ಬಾಗಿಸಿ: ಒಳಗಿನ ಎಳೆಗಳು ಕಿಲುಬು ತಿಂದು ಪುಡಿಪುಡಿಯಾಗಿ ಅಂಗೈಗೆ ಉದುರುತ್ತವೆ. ಆ ಪಟ್ಟಿ ತುಂಡಾದಾಗ ಕರೆಂಟ್ ಸುಮ್ಮನಿರದೆ ಆಕ್ಸಿಲರೇಟರ್ ಕೇಬಲ್ಲಿನ ಅಥವಾ ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ಹರಿಯಲು ನೋಡುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ, ಅಥವಾ ಆಕ್ಸಿಲರೇಟರ್ ಇದ್ದಕ್ಕಿದ್ದಂತೆ ಅಂಟತೊಡಗಿದ್ದರೆ, ಬೇರೆ ಸಾಕ್ಷಿ ಬೇಕಿಲ್ಲ.

ಮೀಟರ್ ಇಲ್ಲದಿದ್ದರೂ ಅರ್ಥನ್ನು ಪರೀಕ್ಷಿಸಬಹುದು. ದಪ್ಪ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೂ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಇಂಜಿನ್ ಚುರುಕಾಗಿ ಸುತ್ತಿದರೆ ಹುಡುಕಾಟ ಮುಗಿಯಿತು, ಒಂದು ಹೊಸ ಪಟ್ಟಿಯ ಖರ್ಚಿನಲ್ಲಿ ಗಾಡಿ ರಸ್ತೆಗಿಳಿಯುತ್ತದೆ.

ಇಷ್ಟು ಸಣ್ಣ ಕಿಲುಬು ಇಷ್ಟು ದೊಡ್ಡ ಗಾಡಿಯನ್ನು ಹೇಗೆ ನಿಲ್ಲಿಸುತ್ತದೆ ಎಂದು ಅನ್ನಿಸಿದರೆ ಲೆಕ್ಕ ಹಾಕಿ ನೋಡಿ. ಜೋಡಣೆಯೊಂದರಲ್ಲಿ 0.005 ಓಮ್ ಪ್ರತಿರೋಧ ಇದೆ ಎನ್ನೋಣ. ಸಾಮಾನ್ಯ ಮೀಟರಿನ ಓಮ್ ಶ್ರೇಣಿಯಲ್ಲಿ ಅದು ಸೊನ್ನೆಯಾಗಿಯೇ ಕಾಣುತ್ತದೆ. ಅದರ ಮೂಲಕ 300 ಆಂಪಿಯರ್ ಹರಿದರೆ 1.5 ವೋಲ್ಟ್ ಅಲ್ಲೇ ಹೋಯಿತು, 450 ವಾಟ್ ಶಾಖ ಅಲ್ಲೇ ಹುಟ್ಟಿತು. ಸೆಲ್ಫ್ ಹೊಡೆದ ಕೂಡಲೇ ಜೋಡಣೆಗಳನ್ನು ಕೈಯಿಂದ ಹುಷಾರಾಗಿ ಮುಟ್ಟಿ ನೋಡಿದರೂ ಕೆಟ್ಟದ್ದು ಬಿಸಿಯಾಗಿ ಸಿಕ್ಕಿಬೀಳುತ್ತದೆ.

ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ ಗಾಡಿಗಳಲ್ಲಿ ಕೇಬಲ್ಲಿನ ದಪ್ಪವೇ ದೋಷವಾಗಿರುತ್ತದೆ. 25 ಚದರ ಮಿಲಿಮೀಟರಿನ ಐದು ಮೀಟರ್ ತಾಮ್ರದ ಕೇಬಲ್ 300 ಆಂಪಿಯರಿನಲ್ಲಿ ಒಂದು ವೋಲ್ಟಿಗಿಂತ ತುಸು ಹೆಚ್ಚೇ ನುಂಗುತ್ತದೆ. ಅದೇ ಉದ್ದಕ್ಕೆ 70 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.4 ವೋಲ್ಟಿನ ಒಳಗೇ ನಿಲ್ಲುತ್ತದೆ. ಪೇಟೆಯಲ್ಲಿ ತಾಮ್ರ ಎಂದು ಹೇಳಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಕೊಡುವುದುಂಟು. ತುದಿಯ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ಒಳಗೆ ಬೆಳ್ಳಗಿದೆಯೇ ನೋಡಿಯೇ ಹಣ ಕೊಡಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಜೋಡಣೆ ನಮ್ಮ ಒಂದು ಮಳೆಗಾಲ ಬಾಳುವುದಿಲ್ಲ. ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ.

ಉಳಿದದ್ದು ಎರಡು ಅಳತೆ. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಸೆಲ್ಫ್ ಹೊಡೆದಾಗ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಒಳಗಿನ ಸಂಪರ್ಕ ಸುಟ್ಟಿದೆ. ಎರಡನೆಯದು 50 ಎಂದು ಗುರುತಿರುವ ಸಣ್ಣ ಟರ್ಮಿನಲ್, ಅಂದರೆ ಕೀಲಿಯಿಂದ ಬರುವ ವೈರು. ಸೆಲ್ಫ್ ಹೊಡೆದಾಗ ಬ್ಯಾಟರಿಯಲ್ಲಿ ಇರುವುದಕ್ಕಿಂತ ಇಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಕಡಿಮೆಯಿದ್ದರೆ ಸವೆದ ಕೀಲಿ ಸ್ವಿಚ್ಚು ಅಥವಾ ಹಳೆಯ ವೈರು ಕಾರಣ. ಇದಕ್ಕೆ ನಾನು ಸದಾ ಹೇಳುವ ಪರಿಹಾರ, 40 ಆಂಪಿಯರಿನ ಒಂದು ರಿಲೇಯನ್ನು ಸೆಲ್ಫಿನ ಹತ್ತಿರ ನೀರು ಬೀಳದ ಕಡೆ ಕೂರಿಸುವುದು. ಕೀಲಿಯ ಸ್ವಿಚ್ಚು ರಿಲೇಯನ್ನು ಮಾತ್ರ ಎಬ್ಬಿಸಿದರೆ ಸಾಕು, ಸೊಲೆನಾಯ್ಡಿಗೆ ಬೇಕಾದ ಕರೆಂಟ್ ಬ್ಯಾಟರಿಯ ಕಡೆಯಿಂದಲೇ ಫ್ಯೂಸಿನ ಮೂಲಕ ಬರುತ್ತದೆ.

ಬಿಸಿಯಾದಾಗ ಮಾತ್ರ ಹಠ ಹಿಡಿದರೆ

ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಸುತ್ತಿ, ಹುಲಿಕಲ್ ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿ ಹೊರಟಾಗ ಸುತ್ತದಿರುವ ಗಾಡಿಗಳಿವೆ. ಇಂಜಿನ್ ಆರಿಸಿದ ಮೇಲೆ ತಂಪುಗಾಳಿ ನಿಂತು ಎಗ್ಸಾಸ್ಟಿನ ಶಾಖ ಸೆಲ್ಫಿಗೆ ಇಳಿಯುತ್ತದೆ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುವುದರಿಂದ ಸುರುಳಿ 60 ಡಿಗ್ರಿ ಹೆಚ್ಚು ಕಾದರೆ ಅದರ ಎಳೆಯುವ ಕರೆಂಟ್ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಹೇಗೋ ನಿಭಾಯಿಸುತ್ತಿದ್ದ 50ನೆಯ ಟರ್ಮಿನಲ್ಲಿನ ವೋಲ್ಟ್ ಆಗ ಸಾಲುವುದಿಲ್ಲ. ಮೇಲೆ ಹೇಳಿದ ರಿಲೇ ಇಂಥ ಎಷ್ಟೋ ಗಾಡಿಗಳನ್ನು ಸರಿಪಡಿಸುತ್ತದೆ. ಎಗ್ಸಾಸ್ಟಿಗೂ ಸೆಲ್ಫಿಗೂ ನಡುವೆ ಕಂಪನಿ ಹಾಕಿದ್ದ ತಗಡಿನ ತಡೆ ಯಾವುದೋ ದುರಸ್ತಿಯಲ್ಲಿ ಕಳೆದುಹೋಗಿದೆಯೇ ಎಂದೂ ನೋಡಿ. ರಿಲೇ ಹಾಕಿಯೂ ಬಿಸಿಯಲ್ಲಿ ಎಳೆದೆಳೆದು ಸುತ್ತುತ್ತಿದ್ದರೆ ಮೋಟಾರಿನ ದಂಡ ಕೂರುವ ಕಂಚಿನ ಬುಷ್ ಸವೆದು, ಒಳಗೆ ತಿರುಗುವ ಸುರುಳಿಯ ಭಾಗವಾದ ಆರ್ಮೇಚರ್ ಒಳಗೋಡೆಗೆ ಉಜ್ಜುತ್ತಿದೆ, ಬಿಚ್ಚಲೇಬೇಕು.

ಹೊಳೆಬಾಗಿಲಿನಲ್ಲಿ ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ತೆರೆಯುವ ತನಕ ಶರಾವತಿ ಹಿನ್ನೀರು ದಾಟಿಸುವ ಲಾಂಚಿನ ಸರದಿಯಲ್ಲಿ ಗಾಡಿಯನ್ನು ಆರಿಸಿ, ನಾಲ್ಕು ಮಾರು ಮುಂದೆ ತಂದು, ಮತ್ತೆ ಆರಿಸುವುದು ನಡೆದೇ ಇತ್ತು. ಹಾಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವ ಬಳಕೆಯಲ್ಲೇ ಸವೆದ ಬುಷ್, ಸುಟ್ಟ ಸಂಪರ್ಕ ಬಯಲಿಗೆ ಬರುತ್ತವೆ.

ದಾರಿಯಲ್ಲಿ ನಿಂತುಬಿಟ್ಟರೆ

ಜೊತೆಗಾರ ಕೀಲಿ ಹಿಡಿದಿರುವಾಗ ಸೆಲ್ಫಿನ ಮೈಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಬ್ರಷ್ ಸಡಿಲವಾಗಿ ಒಮ್ಮೆ ಓಡಬಹುದು. ಓಡಿದರೆ ಇಂಜಿನ್ ಆರಿಸದೆ ನೇರ ಊರಿಗೆ ಬನ್ನಿ, ಬ್ರಷ್ ಮುಗಿದಿದೆ ಎಂಬುದರ ಸೂಚನೆ ಅದು. ಸುತ್ತಿಗೆ ಬೇಡ. ಕೆಲವು ಹೊಸ ಮಾದರಿಯ ಸೆಲ್ಫಿನೊಳಗೆ ಅಯಸ್ಕಾಂತವನ್ನೇ ಅಂಟಿಸಿರುತ್ತಾರೆ, ಪೆಟ್ಟು ಬಿದ್ದರೆ ಅದು ಒಡೆಯುತ್ತದೆ.

ಯಾಂತ್ರಿಕ ಇಂಜೆಕ್ಷನ್ ಪಂಪಿನ ಹಳೆಯ ಡೀಸೆಲ್ ಇಂಜಿನ್ನನ್ನು ತಳ್ಳಿಯೋ ಇಳಿಜಾರಿನಲ್ಲಿ ಬಿಟ್ಟೋ ಎರಡನೆಯ ಗೇರಿನಲ್ಲಿ ಸ್ಟಾರ್ಟ್ ಮಾಡಬಹುದು. ಮಲೆನಾಡಿನವರು ಗಾಡಿಯನ್ನು ಏರಿನ ಮೇಲೆ ಮೂಗು ಕೆಳಗೆ ಮಾಡಿ ನಿಲ್ಲಿಸುವ ರೂಢಿ ಹುಟ್ಟಿದ್ದೇ ಹೀಗೆ. ಆದರೆ ಇಂಜಿನ್ ಓಡದಿರುವಾಗ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಹಾಸಿಗೆ, ನೀರು, ಸಾಮಾನು ತುಂಬಿದ ಭಾರದ ಗಾಡಿಯನ್ನು ಆಗುಂಬೆಯ 14 ತಿರುವುಗಳ ಘಾಟಿಯಲ್ಲಿ ಹಾಗೆ ಬಿಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮುಂದೆ ಸಮತಟ್ಟು ಇರುವ ಸಣ್ಣ ಇಳಿಜಾರಾದರೆ ಮಾತ್ರ ಸರಿ. ಸ್ಕ್ರೂಡ್ರೈವರಿನಿಂದ ಸೆಲ್ಫಿನ ಬೋಲ್ಟುಗಳನ್ನು ಕೂಡಿಸುವ ಚಾಳಿಯನ್ನೂ ಬಿಡಿ. ಗೇರಿನಲ್ಲಿದ್ದರೆ ಗಾಡಿ ಕೆಳಗೆ ಮಲಗಿದವರ ಮೇಲೆಯೇ ಹರಿಯುತ್ತದೆ.

ಬಿಚ್ಚುವುದು

ಅಳತೆಗಳೆಲ್ಲ ಸರಿಯಿದ್ದು, ಸೆಲ್ಫಿಗೆ ಸಾಕಷ್ಟು ವೋಲ್ಟ್ ತಲುಪಿಯೂ ಅದು ಸುತ್ತದಿದ್ದರೆ ಈಗ ಸ್ಪ್ಯಾನರ್ ಎತ್ತಿಕೊಳ್ಳಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಒಳಗಿನ ಬ್ಯಾಟರಿಯದೂ ಹಾಗೆಯೇ. ದಪ್ಪ ಕೇಬಲ್ಲಿನ ಜಾಡು ಹಿಡಿದು ಹೋದರೆ ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಸೆಲ್ಫ್ ಸಿಗುತ್ತದೆ. ವೈರುಗಳ ಫೋಟೊ ತೆಗೆದುಕೊಂಡು ಬಿಚ್ಚಿ.

ಮೇಲಿನ ಬೋಲ್ಟೇ ತಲೆನೋವು. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟು, ಉದ್ದದ ಎಕ್ಸ್‌ಟೆನ್ಷನ್‌ಗೆ ಸಾಕೆಟ್ ಹಾಕಿ ಹಿಂದಿನಿಂದ ತಲುಪುವುದು ಒಳ್ಳೆಯದು. ಸಣ್ಣ ಸ್ಪ್ಯಾನರಿನಲ್ಲಿ ಹೋರಾಡಿ ಮೂಲೆ ಸವೆಸಿದರೆ ಅರ್ಧ ದಿನ ಹೋಗುತ್ತದೆ. ಹಳೆಯ ಡೀಸೆಲ್ ಸೆಲ್ಫ್ ಹತ್ತು ಕಿಲೋ ಮೀರಬಹುದು. ಕೊನೆಯ ಬೋಲ್ಟ್ ತೆಗೆಯುವಾಗ ಅದು ಮುಖದ ಮೇಲೆ ಬೀಳದಂತೆ ಅಡಿಯಲ್ಲಿ ಮರದ ಆಸರೆ ಇರಲಿ. ಹೌಸಿಂಗಿಗೂ ಸೆಲ್ಫಿಗೂ ನಡುವೆ ತೆಳುವಾದ ಶಿಮ್ (ಅಂತರ ಹೊಂದಿಸುವ ತಗಡು) ಇದ್ದರೆ ಕಾಪಾಡಿಕೊಳ್ಳಿ. ಸೆಲ್ಫ್ ಹೊರಬಂದ ತೂತಿನಿಂದ ಟಾರ್ಚ್ ಹಿಡಿದು, ಇಂಜಿನ್ನನ್ನು ಕೈಯಿಂದ ಸುತ್ತಿಸುತ್ತ ರಿಂಗ್ ಗೇರಿನ ಪ್ರತಿ ಹಲ್ಲನ್ನೂ ನೋಡಿ. ಇನ್ನೊಮ್ಮೆ ಈ ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಮೇಜಿನ ಮೇಲೆ

ಸೊಲೆನಾಯ್ಡಿನ ಮುಚ್ಚಳ ತೆಗೆದರೆ ಎರಡು ತಾಮ್ರದ ಬೋಲ್ಟಿನ ತಲೆಗಳೂ ಅವನ್ನು ಕೂಡಿಸುವ ಒಂದು ತಾಮ್ರದ ಬಿಲ್ಲೆಯೂ ಕಾಣುತ್ತವೆ. ಬಹಳ ಸಲ ‘ಟಕ್’ ಎಂದು ನಿಲ್ಲುವ ಸೆಲ್ಫಿನ ಗುಟ್ಟು ಇಲ್ಲೇ ಇರುತ್ತದೆ: ಬೋಲ್ಟಿನ ತಲೆಯ ಒಂದು ಬದಿ ಕಿಡಿಗೆ ಸುಟ್ಟು ಇಳಿಜಾರಾಗಿರುತ್ತದೆ, ಅಂಚಿನಲ್ಲಿ ಕರಗಿ ಹೆಪ್ಪುಗಟ್ಟಿದ ತಾಮ್ರದ ಹನಿಗಳಿರುತ್ತವೆ, ಬಿಲ್ಲೆಯ ಮೇಲೆ ಕಪ್ಪು ಗುಳಿ ಬಿದ್ದಿರುತ್ತದೆ. ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ, ಬಿಲ್ಲೆಯನ್ನು ಮಗುಚಿ ಹಾಕಿದರೆ ಸವೆಯದ ಮುಖ ಎದುರಾಗುತ್ತದೆ.

ಮೋಟಾರಿನ ಒಳಗೆ ಕಾರ್ಬನ್ ಬ್ರಷ್‌ಗಳ ಉದ್ದ ಹೊಸದರ ಅರ್ಧಕ್ಕೆ ಇಳಿದಿದ್ದರೆ ಬದಲಿಸಿ. ಕಮ್ಯುಟೇಟರನ್ನು ನುಣುಪಾದ ಮರಳು ಕಾಗದದಿಂದ ಉಜ್ಜಬೇಕು. ಎಮರಿ ಬೇಡ, ಅದರ ಕಣಗಳು ಪಟ್ಟಿಗಳ ನಡುವೆ ಕೂತು ಕರೆಂಟ್ ಹಾಯಿಸುತ್ತವೆ. ಆರ್ಮೇಚರಿನ ಮೈಮೇಲೆ ಒಂದು ಕಡೆ ಉಜ್ಜಿದ ಹೊಳಪು ಗೆರೆ ಕಂಡರೆ ಬುಷ್ ಹೋಗಿದೆ. ಹೊಸ ಕಂಚಿನ ಬುಷ್‌ಗಳನ್ನು ಒಂದು ರಾತ್ರಿ ಇಂಜಿನ್ ಆಯಿಲಿನಲ್ಲಿ ನೆನೆಸಿಟ್ಟು ಕೂರಿಸಿ. ಕೆಲವು ಗಾಡಿಗಳಲ್ಲಿ ಮುಂದಿನ ಬುಷ್ ಸೆಲ್ಫಿನಲ್ಲಿರದೆ ಗೇರ್‌ಬಾಕ್ಸಿನ ಹೌಸಿಂಗಿನಲ್ಲೇ ಇರುತ್ತದೆ, ಅದನ್ನು ಮರೆತರೆ ಹೊಸ ಸೆಲ್ಫೂ ಓರೆಯಾಗಿ ತಿರುಗುತ್ತದೆ. ಬೆಂಡಿಕ್ಸಿನ ಪಿನಿಯನ್ ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದಕ್ಕೆ ಗಟ್ಟಿಯಾಗಿ ನಿಲ್ಲಬೇಕು. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಗ್ರೀಸ್ ಕರಗಿಹೋಗುತ್ತದೆ. ಹೌಸಿಂಗಿನ ಕೆಳಗೆ ನೀರು ಬಸಿಯಲು ತೂತಿದ್ದರೆ ಕುಂಬಾರ ಹುಳು ಅದನ್ನು ಮಣ್ಣಿನಿಂದ ಮುಚ್ಚಿರಬಹುದು, ಬಿಡಿಸಿ. ಆರ್ಮೇಚರಿನ ಸುರುಳಿ ಒಳಗೊಳಗೇ ತಾಗಿದೆಯೇ ಎಂಬುದನ್ನು ಮನೆಯಲ್ಲಿ ನೋಡಲಾಗದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ಗ್ರೋಲರ್ ಎಂಬ ಪರೀಕ್ಷಾ ಯಂತ್ರ ಇಟ್ಟುಕೊಂಡ ಆಟೋ ಎಲೆಕ್ಟ್ರಿಷಿಯನ್ನರನ್ನು ವಿಚಾರಿಸಿ. ಗ್ರೋಲರಿನ ಮೇಲೆ ಆರ್ಮೇಚರ್ ಇಟ್ಟು ಹ್ಯಾಕ್ಸಾ ಬ್ಲೇಡು ಹಿಡಿದಾಗ ಬ್ಲೇಡು ಜುಮ್ಮೆಂದು ಅದುರಿದರೆ ಆ ಜಾಗದ ಸುರುಳಿ ಕೆಟ್ಟಿದೆ.

ಆರ್ಮೇಚರ್, ಅದರ ಸುತ್ತಲಿನ ಫೀಲ್ಡ್ ಕಾಯಿಲ್ ಗಟ್ಟಿಯಿದ್ದರೆ ಹಳೆಯದನ್ನೇ ದುರಸ್ತಿ ಮಾಡಿಸಿ ಎಂಬುದು ನನ್ನ ಸಲಹೆ. ಆ ಕಾಲದ ಎರಕ, ತಾಮ್ರ ಎರಡೂ ಧಾರಾಳ, ಬ್ರಷ್, ಬುಷ್, ಸಂಪರ್ಕ ಹೊಸದಾದರೆ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಆರ್ಮೇಚರ್ ಸುಟ್ಟಿದ್ದರೆ ಬದಲಿಸಿ. ಒಳಗೆ ಗೇರಿರುವ ಹಗುರ ಮಾದರಿ ಹೊಂದುವುದಾದರೆ ಅದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಲ ಕೊಡುತ್ತದೆ. ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ: ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ತಿರುಗುವ ದಿಕ್ಕು, ಬೋಲ್ಟಿನ ತೂತುಗಳು, ಮೂತಿಯ ಉದ್ದ ಎಲ್ಲವೂ ಕೂಡಬೇಕು. ಲಾರಿಯ 24 ವೋಲ್ಟಿನದು ಕೈಗೆ ಬರಬಾರದು.

ಮತ್ತೆ ಕೂರಿಸುವಾಗ

ಸೆಲ್ಫ್ ಮುಖ ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ. ಮೋಟಾರಿನ ಅರ್ಥ್ ಹೋಗುವುದು ಆ ಮುಖದ ಮೂಲಕವೇ, ಅಲ್ಲಿ ಬಣ್ಣ ಬಳಿಯಬೇಡಿ. ಕೂರಿಸುವ ಮೊದಲು ವೈಸಿನಲ್ಲಿ ಗಟ್ಟಿಯಾಗಿ ಕಚ್ಚಿಸಿ ಜಂಪರ್ ಕೇಬಲ್ಲಿನಿಂದ ಒಂದೆರಡು ಸೆಕೆಂಡು ತಿರುಗಿಸಿ ನೋಡಿ. ಪಿನಿಯನ್ ಮುಂದಕ್ಕೆ ಚಿಮ್ಮಬೇಕು, ಕೈಬಿಟ್ಟ ಕೂಡಲೇ ಹಿಂದೆ ಬರಬೇಕು. ಬರಿಗೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಬೇಡಿ, ತಿರುಗಲು ತೊಡಗಿದಾಗ ಅದು ಒದೆಯುತ್ತದೆ. ಕೇಬಲ್ಲುಗಳ ಲಗ್ಗುಗಳನ್ನು ಹೊಳೆಯುವಂತೆ ಉಜ್ಜಿ ಬಿಗಿಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ, ರಬ್ಬರಿನ ಟೋಪಿ ಹಾಕಿ. ದಪ್ಪ ಬೋಲ್ಟಿನ ನಟ್ಟನ್ನು ಅತಿಯಾಗಿ ಬಿಗಿದರೆ ಬೋಲ್ಟೇ ಒಳಗೆ ತಿರುಗಿ ಸೊಲೆನಾಯ್ಡಿನ ಮುಚ್ಚಳ ಸೀಳುತ್ತದೆ.

ಇಂಜಿನ್ ಸುತ್ತತೊಡಗಿದ ಮೇಲೆ ಮೊದಲಿನ ಅಳತೆಗಳನ್ನೆಲ್ಲ ಇನ್ನೊಮ್ಮೆ ತೆಗೆದುಕೊಳ್ಳಿ: ಸೆಲ್ಫ್ ಹೊಡೆದಾಗ ಬ್ಯಾಟರಿಯ ವೋಲ್ಟ್, ಪ್ಲಸ್ ಕೇಬಲ್ಲಿನ ನಷ್ಟ, ಅರ್ಥಿನ ನಷ್ಟ, 50ನೆಯ ಟರ್ಮಿನಲ್ಲಿನ ವೋಲ್ಟ್. ಆ ನಾಲ್ಕು ಸಂಖ್ಯೆಗಳನ್ನೂ ತಾರೀಖನ್ನೂ ಅಳಿಸಿಹೋಗದ ಪೆನ್ನಿನಿಂದ ಇಂಜಿನ್ ಮುಚ್ಚಳದ ಒಳಮೈಗೆ ಬರೆದಿಡಿ. ಒಂದಿಷ್ಟು ದಿನ ಓಡಿಸಿದ ಮೇಲೆ ಸೆಲ್ಫಿನ ಬೋಲ್ಟುಗಳನ್ನೂ ಕೇಬಲ್ಲಿನ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಮುಂದಿನ ಮಳೆಗಾಲ ಕಳೆದ ಕೂಡಲೇ ಅದೇ ನಾಲ್ಕನ್ನು ಅಳೆದು ಪಕ್ಕದಲ್ಲಿ ಬರೆಯಿರಿ. ಅರ್ಥಿನ ನಷ್ಟ 0.15ರಿಂದ 0.3ರ ಕಡೆಗೆ ಸರಿದಿದ್ದರೆ ಗಾಡಿ ನಿಲ್ಲುವ ತನಕ ಕಾಯದೆ ಆ ಪಟ್ಟಿಯನ್ನು ಅಂದೇ ಬದಲಿಸಿ.